ಕೊಯ್ದ ಮೇಲೆ ಬಾಗುವ ಹಲಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲ ಹಿಂದೆ ಸರಿದು ಮೂಡಗಾಳಿ ಬೀಸತೊಡಗಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ದೂರನ್ನು ಹೊತ್ತು ಬರುತ್ತವೆ. ಕೊಯ್ಯುವಾಗ ನೆಟ್ಟಗಿದ್ದ ಕಟ್ಟಿಗೆ ಕೊಯ್ದ ಮೇಲೆ ಬಾಗಿತು, ತಿರುಚಿತು, ದೋಣಿಯಾಯಿತು ಎಂಬುದೇ ಆ ದೂರು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಇಂಥ ಆರು ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮರಗೆಲಸದಲ್ಲಿ ನಾನು ಕಳೆದ ವರ್ಷಗಳಲ್ಲಿ ಕೆಡಿಸಿದ ಹಲಗೆಗಳು ಕಡಿಮೆಯೇನಲ್ಲ. ಆದ್ದರಿಂದ ಪತ್ರ ಬರೆದವರ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಪ್ರಶ್ನೆ: ಹೊಸ ಮನೆಯ ಮುಂಬಾಗಿಲಿಗೆಂದು ಆಗಸ್ಟ್ ತಿಂಗಳಲ್ಲಿ ಕಟ್ಟಿಗೆ ಅಡ್ಡೆಯಿಂದ ಸಾಗವಾನಿ ದಿಮ್ಮಿ ಕೊಂಡು, ಅಲ್ಲಿಯೇ ಒಂದೂಕಾಲು ಇಂಚು ದಪ್ಪ, ಹತ್ತು ಇಂಚು ಅಗಲದ ಹಲಗೆಗಳನ್ನು ಕೊಯ್ಯಿಸಿದೆವು. ಬಡಿಗೇರರು ಎರಡೇ ದಿನದಲ್ಲಿ ರಂದಾ ಹೊಡೆದು ಗೋಡೆಗೆ ಒರಗಿಸಿಟ್ಟರು. ದೀಪಾವಳಿಯ ಹೊತ್ತಿಗೆ ಪ್ರತಿ ಹಲಗೆಯೂ ಅಗಲದಲ್ಲಿ ದೋಣಿಯಂತೆ ಬಾಗಿ ನಡುವೆ ಕಾಲು ಇಂಚು ತಗ್ಗು ಬಿದ್ದಿದೆ. ಕಟ್ಟಿಗೆ ಮಾರಿದವರು ಬಡಿಗೇರರನ್ನು ದೂರುತ್ತಾರೆ, ಬಡಿಗೇರರು ಕಟ್ಟಿಗೆಯನ್ನು ದೂರುತ್ತಾರೆ. ತಪ್ಪು ಯಾರದು? ಈ ಹಲಗೆಗಳನ್ನು ಉಳಿಸಿಕೊಳ್ಳಬಹುದೇ? (ಬೈಲಹೊಂಗಲದಿಂದ ಒಬ್ಬ ಓದುಗರು)

ಉತ್ತರ: ಕೊಯ್ತಕ್ಕೂ ರಂದಾಕ್ಕೂ ನಡುವೆ ಎರಡೇ ದಿನ ಬಿಟ್ಟ ಅವಸರವೇ ಇಲ್ಲಿಯ ತಪ್ಪು, ಮತ್ತು ಆ ಅವಸರದಲ್ಲಿ ಮೂವರಿಗೂ ಪಾಲಿದೆ. ಮಾರಿದವರು ಕಟ್ಟಿಗೆ ಹಸಿಯೆಂದು ಹೇಳಲಿಲ್ಲ, ಕೊಂಡವರು ಕೇಳಲಿಲ್ಲ, ಬಡಿಗೇರರು ಕಾಯಲಿಲ್ಲ.

ಹಸಿ ಮರದಲ್ಲಿ ನೀರು ಎರಡು ಕಡೆ ನಿಂತಿರುತ್ತದೆ. ಮರದ ಸಣ್ಣ ಕೋಶಗಳ ಪೊಳ್ಳಿನಲ್ಲಿ ತುಂಬಿಕೊಂಡಿರುವ ನೀರು ಮೊದಲು ಹೋಗುತ್ತದೆ. ಅದು ಹೋಗುವವರೆಗೆ ಕಟ್ಟಿಗೆಯ ತೂಕ ಇಳಿಯುತ್ತದೆಯೇ ಹೊರತು ಅಳತೆ ಬದಲಾಗುವುದಿಲ್ಲ. ತೇವಾಂಶ ನೂರಕ್ಕೆ 28–30ಕ್ಕೆ ಇಳಿದ ಮೇಲೆ ಕೋಶಗಳ ಗೋಡೆಯಲ್ಲಿಯೇ ಹಿಡಿದುಕೊಂಡಿದ್ದ ನೀರು ಹೊರಡಲು ಶುರುವಾಗುತ್ತದೆ, ಆಗ ಮರ ಕುಗ್ಗತೊಡಗುತ್ತದೆ. ಈ ಕುಗ್ಗುವಿಕೆ ಎಲ್ಲ ದಿಕ್ಕಿಗೂ ಒಂದೇ ಸಮನಾಗಿದ್ದರೆ ಹಲಗೆ ಚಿಕ್ಕದಾಗುತ್ತಿತ್ತೇ ಹೊರತು ಬಾಗುತ್ತಿರಲಿಲ್ಲ. ಆದರೆ ಸಾಗವಾನಿ ಪೂರ್ತಿ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಬೆಳವಣಿಗೆಯ ಉಂಗುರಗಳ ಗುಂಟ ನೂರಕ್ಕೆ ಸುಮಾರು 5.8ರಷ್ಟು, ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು 2.5ರಷ್ಟು ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ನೂರಕ್ಕೆ 0.1–0.2 ಮಾತ್ರ. ಒಂದು ದಿಕ್ಕಿಗಿಂತ ಇನ್ನೊಂದು ದಿಕ್ಕು ಎರಡುಪಟ್ಟಿಗೂ ಹೆಚ್ಚು ಎಳೆಯುತ್ತದೆ. ಸಾಗವಾನಿ ಕಡಿಮೆ ಕುಗ್ಗುವ ಮರವೆಂದೇ ಹೆಸರಾದದ್ದು. ಅದರಲ್ಲಿಯೇ ಇಷ್ಟಾದರೆ ಬೇರೆ ಮರಗಳ ಗತಿ ಏನೆಂದು ನೀವೇ ಎಣಿಸಬಹುದು.

ಈಗ ನಿಮ್ಮ ಒಂದು ಹಲಗೆಯ ತುದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿಯಿರಿ. ಉಂಗುರಗಳು ಕಾಮನಬಿಲ್ಲಿನಂತೆ ಹಲಗೆಯ ಅಗಲಕ್ಕೆ ಕಮಾನು ಹಾಕಿರುವುದು ಕಾಣುತ್ತದೆ. ಕಮಾನಿನ ಒಳಬದಿ ತಿರುಳಿನ ಮುಖ, ಹೊರಬದಿ ತೊಗಟೆಯ ಮುಖ. ಒಣಗುವಾಗ ಈ ಕಮಾನು ನೇರವಾಗಲು ನೋಡುತ್ತದೆ, ಹಾಗಾಗಿ ತೊಗಟೆಯ ಮುಖ ತಗ್ಗಾಗಿ ತಿರುಳಿನ ಮುಖ ಉಬ್ಬುತ್ತದೆ. ನಿಮ್ಮ ಹಲಗೆಗಳ ತಗ್ಗು ಯಾವ ಕಡೆಗಿದೆಯೋ ನೋಡಿಕೊಳ್ಳಿ. ಬಹುಮಟ್ಟಿಗೆ ಅದು ತೊಗಟೆಯ ಕಡೆಗೇ ಇರುತ್ತದೆ. ಹಲಗೆ ಯಾವ ಕಡೆಗೆ ಬಾಗಬಹುದೆಂಬುದು ಕೊಯ್ದ ದಿನವೇ ಅದರ ತುದಿಯಲ್ಲಿ ಬರೆದಿರುತ್ತದೆ. ಉಂಗುರಗಳು ಮುಖಕ್ಕೆ ಲಂಬವಾಗಿ, ನಿಂತ ಗೆರೆಗಳಂತೆ ಕಾಣುವ ಹಲಗೆ ಅಗಲದಲ್ಲಿ ಕುಗ್ಗುವುದೂ ಕಡಿಮೆ, ದೋಣಿಯಾಗುವುದೂ ಕಡಿಮೆ. ಕೊಳ್ಳುವಾಗ ಬಣ್ಣ, ಗಂಟು ನೋಡುವುದಕ್ಕಿಂತ ಮೊದಲು ತುದಿ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ. ಈಗ ತೋಟದಲ್ಲಿ ಬೆಳೆದು ಬರುವ ಸಾಗವಾನಿ ಎಳೆಯದು, ದಿಮ್ಮಿ ಸಣ್ಣದು. ಕೊಯ್ದ ಹಲಗೆಗಳೆಲ್ಲ ತಿರುಳಿಗೆ ಹತ್ತಿರದವೇ ಆಗಿರುತ್ತವೆ. ತಿರುಳಿಗೆ ಹತ್ತಿರವಾದಷ್ಟೂ ಕಮಾನು ಕಡಿದಾಗುತ್ತದೆ, ಬಾಗು ಹೆಚ್ಚುತ್ತದೆ.

ಗೋಡೆಗೆ ಒರಗಿಸಿಟ್ಟದ್ದು ಎರಡನೆಯ ಕಾರಣ. ಗೋಡೆಯ ಕಡೆಯ ಮುಖಕ್ಕೆ ಗಾಳಿಯಿಲ್ಲ, ಹೊರಮುಖಕ್ಕೆ ದಿನವಿಡೀ ಗಾಳಿ. ಗಾಳಿ ತಾಗಿದ ಮುಖ ಮೊದಲು ಕುಗ್ಗಿ ಹಲಗೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ನಮ್ಮ ಹವೆಯ ಮಾತನ್ನೂ ಇಲ್ಲಿ ಹೇಳಬೇಕು. ಮರ ಸುತ್ತಲಿನ ಗಾಳಿಯ ತೇವಕ್ಕೆ ಸರಿಯಾಗಿ ತನ್ನ ತೇವವನ್ನು ಹೊಂದಿಸಿಕೊಳ್ಳುತ್ತದೆ. ಬೆಚ್ಚಗಿನ ದಿನದಲ್ಲಿ ಗಾಳಿಯ ಆರ್ದ್ರತೆ ನೂರಕ್ಕೆ 80 ಇದ್ದರೆ ಮರದ ತೇವಾಂಶ ಹೆಚ್ಚುಕಡಿಮೆ 16ರಲ್ಲಿ ನಿಲ್ಲುತ್ತದೆ. ಆರ್ದ್ರತೆ 30–40ಕ್ಕೆ ಇಳಿದರೆ ಮರ 6–8ಕ್ಕೆ ಇಳಿಯಲು ನೋಡುತ್ತದೆ. ಬೆಳಗಾವಿಯ ಜುಲೈ, ಆಗಸ್ಟ್ ತಿಂಗಳ ಜಿಟಿಜಿಟಿ ಮಳೆಗೂ ಮಾರ್ಚ್ ತಿಂಗಳ ಮಧ್ಯಾಹ್ನಕ್ಕೂ ಇರುವ ಅಂತರ ಇದೇ. ನಿಮ್ಮ ಹತ್ತು ಇಂಚಿನ ಹಲಗೆ 18ರಿಂದ 10ಕ್ಕೆ ಒಣಗಿದರೆ ಅಗಲದಲ್ಲಿಯೇ ಸುಮಾರು 4 ಮಿಲಿಮೀಟರ್ ಕಡಿಮೆಯಾಗುತ್ತದೆ. ಈ ಕಾರಣಕ್ಕೆ ಭಾರತೀಯ ಮಾನಕ ಐಎಸ್ 287 ದೇಶವನ್ನು ಗಾಳಿಯ ಆರ್ದ್ರತೆಯ ಪ್ರಕಾರ ನಾಲ್ಕು ವಲಯಗಳಾಗಿ ವಿಂಗಡಿಸಿ, ಬಾಗಿಲು ಕಿಟಕಿಗಳ ಕಟ್ಟಿಗೆ ಯಾವ ವಲಯದಲ್ಲಿ ಎಷ್ಟು ಒಣಗಿರಬೇಕೆಂದು ಬೇರೆಬೇರೆಯಾಗಿ ಹೇಳುತ್ತದೆ. 50 ಮಿಲಿಮೀಟರಿಗಿಂತ ತೆಳುವಾದ ಬಾಗಿಲ ಕಟ್ಟಿಗೆಗೆ ಆ ಮಿತಿ ತೀರ ಒಣ ವಲಯದಲ್ಲಿ 8, ತೀರ ತೇವದ ವಲಯದಲ್ಲಿ 14.

ಇನ್ನು ಉಳಿಸಿಕೊಳ್ಳುವ ಮಾತು. ಈಗಲೇ ರಂದಾ ಹೊಡೆದು ಸಮ ಮಾಡಬೇಡಿ. ಹಲಗೆಗಳ ನಡುವೆ ಒಂದೇ ದಪ್ಪದ ಪಟ್ಟಿಗಳನ್ನಿಟ್ಟು, ತಗ್ಗಿನ ಮುಖ ಕೆಳಗಾಗುವಂತೆ, ನೆರಳಿನಲ್ಲಿ ಒಂದರ ಮೇಲೊಂದು ಮಲಗಿಸಿ, ಮೇಲೆ ಕಲ್ಲು ಹೇರಿ, ಕನಿಷ್ಠ ಎರಡು ಮೂರು ತಿಂಗಳು ಬಿಡಿ. ಅಷ್ಟರಲ್ಲಿ ಸ್ವಲ್ಪ ಬಾಗು ಇಳಿಯಬಹುದು, ಪೂರ್ತಿ ಹೋಗುವುದಿಲ್ಲ. ಕಾಲು ಇಂಚಿನ, ಅಂದರೆ 6 ಮಿಲಿಮೀಟರಿನ ತಗ್ಗನ್ನು ರಂದಾದಿಂದಲೇ ತೆಗೆಯಹೊರಟರೆ ಒಂದು ಮುಖದ ಅಂಚುಗಳಿಂದ, ಇನ್ನೊಂದು ಮುಖದ ನಡುವಿನಿಂದ ಆರಾರು ಮಿಲಿಮೀಟರ್ ಹೋಗಿ, 32ರ ಹಲಗೆ 26ಕ್ಕೆ ಬರುತ್ತದೆ; ಮುಂಬಾಗಿಲಿಗೆ ಅದು ಸಾಲದು. ಅದರ ಬದಲು ಹಲಗೆಯನ್ನು ಉದ್ದಕ್ಕೆ ನಟ್ಟನಡುವೆ ಸೀಳಿರಿ. ಅಗಲ ಅರ್ಧವಾದರೆ ತಗ್ಗು ಅರ್ಧವಾಗುವುದಿಲ್ಲ, ನಾಲ್ಕರಲ್ಲಿ ಒಂದು ಪಾಲಾಗುತ್ತದೆ: 6 ಇದ್ದದ್ದು ಒಂದೂವರೆ ಮಿಲಿಮೀಟರಿಗೆ ಇಳಿಯುತ್ತದೆ. ಮೂರು ಸೀಳು ಮಾಡಿದರೆ ಒಂಬತ್ತರಲ್ಲಿ ಒಂದು ಪಾಲು. ಆಮೇಲೆ ಪ್ರತಿ ಸೀಳನ್ನೂ ಎರಡೂ ಮುಖದಿಂದ ಸಮನಾಗಿ ರಂದಾ ಹೊಡೆದು, ಅಂಚುಗಳನ್ನು ಕೂಡಿಸಿ ಅಂಟು ಹಾಕಿದರೆ ಸುಮಾರು 30 ಮಿಲಿಮೀಟರಿನ ಹಲಗೆ ನಿಮ್ಮ ಕೈಯಲ್ಲಿ ಉಳಿಯುತ್ತದೆ. ನಾನು ಸ್ವತಃ ಹೀಗೆ ಉಳಿಸಿಕೊಂಡ ಬಾಗಿಲುಗಳಿವೆ, ಜೋಡಣೆಯ ಗೆರೆ ಹುಡುಕಿದರೂ ಕಾಣುವುದಿಲ್ಲ.

ಕದ ಕಟ್ಟುವಾಗ ಒಂದು ಎಚ್ಚರಿಕೆ. ನಡುವಿನ ಹಲಗೆಯನ್ನು ಚೌಕಟ್ಟಿನ ತೋಡಿನೊಳಗೆ ಸಡಿಲವಾಗಿ ಕೂರಿಸಿ. ಅಲ್ಲಿ ಫೆವಿಕಾಲ್ ಬೇಡ, ಮೊಳೆಯೂ ಬೇಡ. ಹಲಗೆ ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಹಿಗ್ಗಲು ತೋಡಿನಲ್ಲಿ ಎರಡೂ ಬದಿಗೆ 2–3 ಮಿಲಿಮೀಟರ್ ಜಾಗ ಬೇಕು. ಹಿಂದಿನ ಮುಖಕ್ಕೆ ಅಡ್ಡಪಟ್ಟಿ ಹಾಕುವುದೇ ಆದರೆ ನಡುವಿನ ಸ್ಕ್ರೂ ಮಾತ್ರ ಬಿಗಿಯಾಗಿರಲಿ, ಪಕ್ಕದ ಸ್ಕ್ರೂಗಳ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದನೆ ಕೊರೆಯಿರಿ.

ಪ್ರಶ್ನೆ: ನಮ್ಮ ಹೊಲದ ಬದುವಿನ ಮೇಲಿದ್ದ ಹಳೆಯ ಬೇವಿನ ಮರ ಗಾಳಿಗೆ ಬಿದ್ದಿದೆ. ಅದರಿಂದ ಮಂಚ, ಮೇಜು ಮಾಡಿಸುವ ಆಸೆಯಿದೆ. ಅಮಾವಾಸ್ಯೆಯ ದಿನ ಕೊಯ್ಯಿಸಿದರೆ ಹಲಗೆ ಬಾಗುವುದಿಲ್ಲವೆಂದು ನಮ್ಮ ಕಾಕಾ ಹೇಳುತ್ತಾರೆ. ಮೊದಲು ದಿಮ್ಮಿಯನ್ನು ಹೊಂಡದಲ್ಲಿ ಮುಳುಗಿಸಿಡಬೇಕೆಂದು ಬಡಿಗೇರರು ಹೇಳುತ್ತಾರೆ. ಯಾರ ಮಾತು ಕೇಳಬೇಕು? (ಜಮಖಂಡಿ ತಾಲ್ಲೂಕಿನಿಂದ)

ಉತ್ತರ: ನಿಮ್ಮ ಕಾಕಾ ಅವರ ಮಾತಿಗೆ ಗೌರವವಿಟ್ಟೇ ಹೇಳುತ್ತೇನೆ, ಬಾಗುವುದನ್ನು ತಡೆಯುವುದು ಒಣಗಿಸುವ ಕ್ರಮ, ತಿಥಿ ಅಲ್ಲ. ಬಡಿಗೇರರ ಮಾತಿನಲ್ಲಿ ಅರ್ಧ ಸತ್ಯವಿದೆ. ನೀರಿನಲ್ಲಿ ಕೆಲವು ವಾರ ಮುಳುಗಿದ ದಿಮ್ಮಿಯ ರಸ ತೊಳೆದುಹೋಗಿ, ತೊಗಟೆಯೊಳಗಿನ ಬಿಳಿ ಭಾಗಕ್ಕೆ ಕುಟ್ಟೆ ಹುಳು ಬೀಳುವುದು ಕಡಿಮೆಯಾಗುತ್ತದೆ, ಮುಂದೆ ಒಣಗುವುದೂ ಸ್ವಲ್ಪ ಬೇಗ. ಆದರೆ ನೀರಿನಿಂದ ಎತ್ತಿದ ಮರ ಹಸಿ ಮರವೇ. ಅದನ್ನು ಒಣಗಿಸುವ ಕೆಲಸ ಹಾಗೆಯೇ ಬಾಕಿ ಇರುತ್ತದೆ. ಮುಳುಗಿಸುವುದಿಲ್ಲವೆಂದಾದರೆ ದಿಮ್ಮಿಯನ್ನು ಬಿಸಿಲಿಗೆ ಕೆಡವಿ ತಿಂಗಳುಗಟ್ಟಲೆ ಬಿಡಬೇಡಿ, ತುದಿಗಳಿಂದ ತಿರುಳಿನವರೆಗೆ ಸೀಳು ಬಿಟ್ಟುಕೊಳ್ಳುತ್ತದೆ. ಬಿದ್ದ ದಿನವೇ ಎರಡೂ ತುದಿಗೆ ದಪ್ಪನೆಯ ಆಯಿಲ್ ಪೇಂಟ್ ಅಥವಾ ಡಾಂಬರು ಬಳಿಯಿರಿ. ಹಿಂದಿನವರು ಸಗಣಿ ಮತ್ತು ಮಣ್ಣು ಕಲಸಿ ಮೆತ್ತುತ್ತಿದ್ದದ್ದೂ ಇದೇ ಕೆಲಸಕ್ಕೆ. ತುದಿಯಿಂದ ನೀರು ಮುಖಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಹೊರಡುತ್ತದೆ. ಆ ದಾರಿಯನ್ನು ಮುಚ್ಚಿದರೆ ಹಲಗೆ ಎಲ್ಲ ಕಡೆ ಒಂದೇ ಸಮನೆ ಒಣಗುತ್ತದೆ.

ಬೇವಿನ ಎಳೆಗಳು ಒಂದು ಪದರದಲ್ಲಿ ಎಡಕ್ಕೆ, ಮುಂದಿನ ಪದರದಲ್ಲಿ ಬಲಕ್ಕೆ ಓರೆಯಾಗಿ ಹೆಣೆದುಕೊಂಡಿರುತ್ತವೆ. ಆದ್ದರಿಂದ ಬೇವು ದೋಣಿಯಾಗುವುದಕ್ಕಿಂತ ತಿರುಚುವುದೇ ಹೆಚ್ಚು, ಒಂದು ಮೂಲೆ ಮೇಲೆದ್ದು ಎದುರಿನ ಮೂಲೆ ಕೆಳಗಿಳಿಯುತ್ತದೆ. ಸಾ ಮಿಲ್ಲಿನವರಿಗೆ ಎರಡು ಮಾತು ಮೊದಲೇ ಹೇಳಿ. ತಿರುಳು ಯಾವ ಹಲಗೆಯಲ್ಲಿಯೂ ಸೇರಬಾರದು, ಅದನ್ನು ಎರಡು ಇಂಚಿನ ನಡುಪಟ್ಟಿಯಾಗಿ ಬೇರೆ ತೆಗೆದುಬಿಡಲಿ. ಒಂದು ಇಂಚಿನ ಸಿದ್ಧ ಹಲಗೆ ಬೇಕಾದರೆ ಒಂದೂಕಾಲು ಇಂಚಿಗೆ ಕೊಯ್ಯಲಿ. ದಿಮ್ಮಿ ದಪ್ಪವಾಗಿದ್ದು, ಸ್ವಲ್ಪ ಕಟ್ಟಿಗೆ ಹಾಳಾದರೂ ಅಡ್ಡಿಯಿಲ್ಲ ಎನ್ನುವುದಾದರೆ, ಮೊದಲು ಅದನ್ನು ಉದ್ದಕ್ಕೆ ನಾಲ್ಕು ಪಾಲು ಮಾಡಿಸಿ ಒಂದೊಂದು ಪಾಲಿನಿಂದ ಉಂಗುರ ನಿಂತ ಹಲಗೆಗಳನ್ನು ತೆಗೆಸಿ. ಕೂಲಿ ಹೆಚ್ಚಾಗುತ್ತದೆ, ಆದರೆ ಮೇಜಿನ ಮೇಲ್ಮುಖಕ್ಕೆ ಅಂಥ ಹಲಗೆಗೆ ಸಮನಾದದ್ದಿಲ್ಲ.

ಕೊಯ್ದ ದಿನವೇ ಒಟ್ಟಬೇಕು. ಒಟ್ಟುವ ವಿಧಾನವನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಬಾಗು ಹುಟ್ಟುವುದೂ ತಪ್ಪುವುದೂ ಹೆಚ್ಚಾಗಿ ಇಲ್ಲಿಯೇ. ನೆಲದಿಂದ ಒಂದು ಅಡಿ ಎತ್ತರಕ್ಕೆ ಅಡ್ಡ ತೊಲೆಗಳನ್ನಿಟ್ಟು, ದಾರ ಹಿಡಿದು, ಎಲ್ಲವೂ ಒಂದೇ ಮಟ್ಟದಲ್ಲಿರುವುದನ್ನು ನೋಡಿಕೊಳ್ಳಿ. ಅವುಗಳ ಮೇಲೆ ಮೊದಲ ಸಾಲು ಹಲಗೆ, ಹಲಗೆಗಳ ನಡುವೆ ಒಂದು ಇಂಚಿನ ಸಂದು. ಆ ಸಾಲಿನ ಮೇಲೆ ಒಂದಿಂಚು ದಪ್ಪದ ಒಣ ಪಟ್ಟಿಗಳನ್ನು ಒಂದೂವರೆಯಿಂದ ಎರಡು ಅಡಿಗೊಂದರಂತೆ ಅಡ್ಡಲಾಗಿ ಇಡಿ, ಎರಡು ತುದಿಗಳಿಗೂ ಒಂದೊಂದು ಪಟ್ಟಿ ತಪ್ಪದೆ ಬರಲಿ. ಮುಂದಿನ ಸಾಲಿನ ಪಟ್ಟಿಗಳು ಕೆಳಗಿನ ಸಾಲಿನ ಪಟ್ಟಿಗಳ ನೇರಕ್ಕೇ ಬರಬೇಕು. ಒಟ್ಟಿಲನ್ನು ಪಕ್ಕದಿಂದ ನೋಡಿದರೆ ಪಟ್ಟಿಗಳ ತುದಿಗಳು ಕಂಬದಂತೆ ಒಂದರ ಮೇಲೊಂದು ನಿಂತಿರಬೇಕು. ಒಂದು ಪಟ್ಟಿ ಒಂದು ಗೇಣು ಸರಿದರೂ ಮೇಲಿನ ಭಾರ ಅಲ್ಲಿ ಹಲಗೆಯನ್ನು ಬಗ್ಗಿಸುತ್ತದೆ, ಹಲಗೆ ಆ ಬಾಗಿನಲ್ಲಿಯೇ ಒಣಗಿಬಿಡುತ್ತದೆ. ಎಲ್ಲಕ್ಕೂ ಮೇಲೆ ಕಲ್ಲಿನ ಚಪ್ಪಡಿ ಹೇರಿ. ಬಾದಾಮಿ, ಗುಳೇದಗುಡ್ಡದ ಕಡೆ ಅದಕ್ಕೇನು ಕೊರತೆಯಿಲ್ಲ. ಮಳೆ ಬಿಸಿಲು ನೇರ ತಾಗದಂತೆ ತಗಡು ಹೊದಿಸಿ, ಪಕ್ಕ ತೆರೆದಿರಲಿ. ಮೂಡಗಾಳಿ ಜೋರಾಗಿ ಬೀಸುವ ತಿಂಗಳುಗಳಲ್ಲಿ ಆ ಬದಿಗೆ ಗೋಣಿ ತಾಟು ಇಳಿಬಿಡಿ, ಇಲ್ಲದಿದ್ದರೆ ಗಾಳಿಗೆ ಎದುರಾದ ತುದಿಗಳು ಬೇಗ ಒಣಗಿ ಸೀಳುತ್ತವೆ.

ನಿಮ್ಮದು ಎರೆ ಭೂಮಿಯಾದ್ದರಿಂದ ನನಗೆ ಆದದ್ದನ್ನು ಹೇಳುತ್ತೇನೆ. ಒಮ್ಮೆ ಬೇಸಿಗೆಯಲ್ಲಿ ಎರೆ ನೆಲದ ಮೇಲೆಯೇ, ಬುಡಕ್ಕೆ ಕಲ್ಲು ಹಾಕದೆ, ನಲವತ್ತು ಜಾಲಿ ಹಲಗೆಗಳನ್ನು ಒಟ್ಟಿದ್ದೆ. ಪಟ್ಟಿಗಳೆಲ್ಲ ನೇರವಾಗಿದ್ದವು, ಭಾರವೂ ಸರಿಯಾಗಿತ್ತು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಬಿರುಕು ಬಿಟ್ಟ ನೆಲ ನೀರು ಕುಡಿದು ಉಬ್ಬಿತು, ಈಶಾನ್ಯದ ಮೂಲೆಯ ತೊಲೆ ಮಾತ್ರ ಒಳಗಿಳಿಯಿತು. ನಾನು ಗಮನಿಸಿದ್ದು ಎರಡು ತಿಂಗಳ ಮೇಲೆ. ಬಿಚ್ಚಿ ನೋಡಿದರೆ ನಲವತ್ತೂ ಹಲಗೆಗಳು ಒಂದೇ ಮೂಲೆಗೆ, ಒಂದೇ ಅಳತೆಗೆ ತಿರುಚಿದ್ದವು, ಅಚ್ಚಿನಲ್ಲಿ ಹೊಯ್ದಂತೆ. ಜಾಲಿಯಂಥ ಗಟ್ಟಿ ಮರ ಒಮ್ಮೆ ಹಾಗೆ ಒಣಗಿದರೆ ತಿರುಗಿ ಬರುವುದಿಲ್ಲ. ಉದ್ದನೆಯ ಹಲಗೆಗಳನ್ನು ಸಣ್ಣ ತುಂಡು ಮಾಡಿ ಸ್ಟೂಲುಗಳಿಗೆ ಬಳಸಿದೆ. ನೀವು ತೊಲೆಗಳ ಕೆಳಗೆ ಅಗಲವಾದ ಬಂಡೆಗಳನ್ನು ಕೂರಿಸಿ, ಮಳೆ ಬಿದ್ದಾಗಲೆಲ್ಲ ದಾರ ಹಿಡಿದು ಮಟ್ಟ ನೋಡಿ, ಇಳಿದ ಕಡೆಗೆ ಬೆಣೆ ಕೊಡಿ.

ಎಷ್ಟು ದಿನ ಬೇಕೆಂದರೆ, ಒಂದೂಕಾಲು ಇಂಚಿನ ಬೇವಿನ ಹಲಗೆಯನ್ನು ನಿಮ್ಮ ಒಣಹವೆಯಲ್ಲಿ ನಾನು ನಾಲ್ಕೈದು ತಿಂಗಳಿಗೆ ಮುಂಚೆ ಮುಟ್ಟುವುದಿಲ್ಲ. ಎರಡು ಇಂಚಿನದಾದರೆ ಅದರ ಎರಡುಪಟ್ಟಿಗೂ ಹೆಚ್ಚು ಕಾಯುತ್ತೇನೆ. ತಿಂಗಳ ಲೆಕ್ಕಕ್ಕಿಂತ ತೂಕದ ಲೆಕ್ಕ ಮೇಲು. ಒಂದು ಹಲಗೆಗೆ ಗುರುತು ಹಾಕಿ, ಹದಿನೈದು ದಿನಕ್ಕೊಮ್ಮೆ ಹೊರಗೆಳೆದು ತೂಗಿ, ಒಟ್ಟಿಲಿನ ಪಟ್ಟಿಯ ಮೇಲೆಯೇ ಸೀಮೆಸುಣ್ಣದಿಂದ ಬರೆಯಿರಿ. ಎರಡು ಮೂರು ಸಲ ಸತತವಾಗಿ ತೂಕ ಇಳಿಯದಿದ್ದರೆ ಅಲ್ಲಿಯ ಗಾಳಿಗೆ ಹಲಗೆ ಹೊಂದಿಕೊಂಡಿದೆ ಎಂದು ತಿಳಿಯಬಹುದು. ಸರಿಯಾದ ಅಂಕಿಯೇ ಬೇಕಾದರೆ ಹಲಗೆಯ ನಡುವಿನಿಂದ ಒಂದು ಚೂರು ತೆಗೆದು ತೂಗಿ, 103 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಬೇಕು. 250 ಗ್ರಾಂ ಇದ್ದದ್ದು 200 ಗ್ರಾಮಿಗೆ ಇಳಿದರೆ ಹೋದ ನೀರು 50 ಗ್ರಾಂ. ಅದನ್ನು ಒಣ ತೂಕ 200ರಿಂದ ಭಾಗಿಸಿದರೆ ತೇವಾಂಶ ನೂರಕ್ಕೆ 25. ಎರಡು ಮುಳ್ಳಿನ ಮಾಯಿಶ್ಚರ್ ಮೀಟರ್ ಇದ್ದವರು ಹೊರಮುಖಕ್ಕೆ ಚುಚ್ಚಿ ನೋಡಿ ಸಮಾಧಾನಪಡಬಾರದು. ಹಲಗೆಯನ್ನು ಅಡ್ಡಲಾಗಿ ಕತ್ತರಿಸಿ, ಹೊಸದಾಗಿ ತೆರೆದ ತುದಿಯ ನಟ್ಟನಡುವೆ ಚುಚ್ಚಬೇಕು.

ಕೊನೆಗೆ, ಮಂಚ ಮೇಜು ಇರುವ ಕೋಣೆಯಲ್ಲಿಯೇ ಹಲಗೆಗಳನ್ನು ಪಟ್ಟಿ ಹಾಕಿ ಮೂರು ವಾರ ಇಟ್ಟು, ಆಮೇಲೆ ಬಡಿಗೇರರನ್ನು ಕರೆಸಿ.

ಪ್ರಶ್ನೆ: ಭಟ್ಟಿಯಲ್ಲಿ ಒಣಗಿಸಿದ್ದೆಂದು ಹೇಳಿ ಕೊಟ್ಟ ಮೂರು ಇಂಚು ದಪ್ಪದ ತೊಲೆಯನ್ನು ನಡುವೆ ಸೀಳಿಸಿದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಸೀಳು ಮುಚ್ಚಿಕೊಂಡು ಗರಗಸವನ್ನು ಕಚ್ಚಿ ಹಿಡಿಯಿತು. ಹೊರಬಂದ ಎರಡೂ ಹಲಗೆಗಳು ಅಲ್ಲಿಯೇ, ನನ್ನ ಕಣ್ಣೆದುರಿಗೇ ಬಾಗಿದ್ದವು. ಒಣಗಿದ ಕಟ್ಟಿಗೆಯೂ ಹೀಗೆ ಮಾಡುತ್ತದೆಯೇ? (ವಿಜಯಪುರದಿಂದ)

ಉತ್ತರ: ಮಾಡುತ್ತದೆ. ಭಟ್ಟಿಯಲ್ಲಿ ಆರಂಭದಲ್ಲಿಯೇ ಶಾಖ ಹೆಚ್ಚು ಕೊಟ್ಟು ಅವಸರ ಮಾಡಿದರೆ ತೊಲೆಯ ಹೊರಪದರ ಮೊದಲು ಒಣಗಿ ಕುಗ್ಗಲು ನೋಡುತ್ತದೆ, ಆದರೆ ಒಳಗಿನ ಹಸಿ ಭಾಗ ಅದನ್ನು ಬಿಡುವುದಿಲ್ಲ. ಹೀಗೆ ಹಿಗ್ಗಿದ ಸ್ಥಿತಿಯಲ್ಲಿಯೇ ಹೊರಪದರ ಗಟ್ಟಿಯಾಗುತ್ತದೆ. ತಡವಾಗಿ ಒಳಭಾಗ ಒಣಗಿ ಕುಗ್ಗುವಾಗ ಹೊರಪದರ ಅದಕ್ಕೆ ದಾರಿ ಕೊಡುವುದಿಲ್ಲ. ಕೊನೆಗೆ ಹೊರಗೆ ಒತ್ತಡ, ಒಳಗೆ ಎಳೆತ, ಎರಡೂ ಒಂದನ್ನೊಂದು ಹಿಡಿದು ನಿಂತಿರುವುದರಿಂದ ತೊಲೆ ನೆಟ್ಟಗೆ ಕಾಣುತ್ತದೆ. ಗರಗಸ ನಡುವೆ ಹಾಯ್ದಾಗ ಆ ಹಿಡಿತ ತಪ್ಪಿ, ಒಳಮುಖ ಕುಗ್ಗಿ, ಎರಡು ಹೋಳುಗಳೂ ಗರಗಸದ ಕಡೆಗೇ ಬಾಗಿ ಅದನ್ನು ಕಚ್ಚುತ್ತವೆ.

ಕಾರಣ ಪತ್ತೆ ಮಾಡಲು ಸಮಯವೇ ದೊಡ್ಡ ಸುಳಿವು. ಸೀಳುತ್ತಿದ್ದಂತೆಯೇ ಬಾಗಿದರೆ ಅದು ಒಳಗಿನ ಎಳೆತ. ಸೀಳಿದಾಗ ನೆಟ್ಟಗಿದ್ದು ನಾಲ್ಕು ದಿನದ ಮೇಲೆ ಬಾಗಿದರೆ ಅದು ಒಳಗೆ ಉಳಿದ ತೇವ. ಹೊಸದಾಗಿ ತೆರೆದ ಮುಖ ಈಗ ಒಣಗುತ್ತಿದೆ ಎಂದರ್ಥ. ಇಂಥ ಕಟ್ಟಿಗೆ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿಸಿ. ತುದಿಯಿಂದ ಒಂದು ಅಡಿ ಒಳಗೆ ಅಡ್ಡಲಾಗಿ ಒಂದಿಂಚಿನ ಚೂರು ಕತ್ತರಿಸಿ, ಅದರ ದಪ್ಪದ ನಡುಭಾಗವನ್ನು ಒಂದು ಕಡೆಯಿಂದ ಕೊರೆದು ತೆಗೆದು, ಎರಡು ಕಾಲಿನ ಚಿಮಟಿಗೆಯಂತೆ ಮಾಡಿ. ಕಾಲುಗಳು ನೆಟ್ಟಗೆ ನಿಂತರೆ ಕಟ್ಟಿಗೆ ಸರಿಯಾಗಿದೆ. ಒಳಗೆ ಕೂಡಿಕೊಂಡರೆ ಅದರಲ್ಲಿ ಎಳೆತವಿದೆ, ಇಡೀ ತೊಲೆಯಾಗಿ ಬಳಸಬಹುದೇ ಹೊರತು ಸೀಳಬಾರದು. ಭಟ್ಟಿಯವರು ಕೊನೆಯ ಹಂತದಲ್ಲಿ ಹಬೆ ಬಿಟ್ಟು ಹೊರಪದರವನ್ನು ಮೆದುಗೊಳಿಸಿದರೆ ಈ ಎಳೆತ ಹೋಗುತ್ತದೆ. ಆ ಹಬೆಯ ಹಂತವನ್ನು ಬಿಟ್ಟುಬಿಡುವವರ ಹತ್ತಿರ ನಾನು ದಪ್ಪ ತೊಲೆ ಕೊಳ್ಳುವುದಿಲ್ಲ.

ಗರಗಸ ಕಚ್ಚಿಕೊಂಡಾಗ ಕಟ್ಟಿಗೆಯನ್ನು ಹಿಂದಕ್ಕೆ ಎಳೆಯಬೇಡಿ. ತಿರುಗುವ ಗರಗಸ ಅದನ್ನು ಎತ್ತಿ ನಿಮ್ಮ ಎದೆಗೇ ಎಸೆಯುತ್ತದೆ. ಮೊದಲು ಮೋಟಾರು ನಿಲ್ಲಿಸಿ, ಸೀಳಿನ ಹಿಂಭಾಗಕ್ಕೆ ಮರದ ಬೆಣೆ ಬಡಿದು ಬಾಯಿ ತೆರೆಯಿಸಿ. ದುಂಡು ಗರಗಸದ ಹಿಂದೆ ಸೀಳನ್ನು ತೆರೆದು ಹಿಡಿಯುವ ಉಕ್ಕಿನ ತಗಡು ಇರುತ್ತದೆ. ಅಡ್ಡಿಯಾಗುತ್ತದೆಂದು ಅದನ್ನು ಬಿಚ್ಚಿಟ್ಟ ಮಷೀನುಗಳನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ದಯವಿಟ್ಟು ಅದನ್ನು ತಿರುಗಿ ಹಾಕಿಸಿ. ಇದು ಹಲಗೆ ಉಳಿಸುವ ಮಾತಲ್ಲ, ಕೈ ಉಳಿಸುವ ಮಾತು.

ಪ್ರಶ್ನೆ: ನಮ್ಮ ಕೈಮಗ್ಗದಲ್ಲಿ ಲಾಳಿ ಓಡುವ ಹಲಗೆ ಸವೆದಿತ್ತೆಂದು ಹೊಸದು ಮಾಡಿಸಿದೆವು. ಎರಡು ತಿಂಗಳಲ್ಲಿ ಅದು ಉದ್ದಕ್ಕೆ ಬಿಲ್ಲಿನಂತೆ ಬಾಗಿ, ಲಾಳಿ ನಡುವೆ ಹಾರಿ ಎಳೆ ಕಡಿಯುತ್ತಿದೆ. (ಇಳಕಲ್ಲಿನಿಂದ ಒಬ್ಬ ನೇಕಾರರು)

ಉತ್ತರ: ಮರ ಉದ್ದಕ್ಕೆ ಬಹಳ ಕಡಿಮೆ ಕುಗ್ಗುತ್ತದೆಂದು ಮೇಲೆ ಹೇಳಿದ್ದೇನೆ. ಅದು ಎಳೆಗಳು ನೆಟ್ಟಗಿರುವ, ಬಲಿತ ಮರದ ಮಾತು. ತಿರುಳಿನ ಸುತ್ತಲಿನ ಎಳೆಯ ಭಾಗ, ದೊಡ್ಡ ಗಂಟಿನ ಪಕ್ಕದ ಭಾಗ, ವಾಲಿ ಬೆಳೆದ ಮರದ ಮೇಲ್ಬದಿ, ಇವು ಉದ್ದಕ್ಕೂ ಎದ್ದುಕಾಣುವಷ್ಟು ಕುಗ್ಗುತ್ತವೆ. ಹಲಗೆಯ ಒಂದು ಅಂಚು ಬಲಿತದ್ದು, ಇನ್ನೊಂದು ಅಂಚು ಎಳೆಯದು ಆದರೆ ಬಿಲ್ಲಾಗದೆ ಬೇರೆ ದಾರಿಯಿಲ್ಲ. ನಿಮ್ಮ ಕೆಲಸಕ್ಕೆ ಎಳೆ ತುದಿಯಿಂದ ತುದಿಗೆ ತಪ್ಪದೆ ಓಡುವ, ಗಂಟಿಲ್ಲದ, ಉಂಗುರ ನಿಂತ ಹಲಗೆಯೇ ಬೇಕು. ಹಳೆಯ ಮಾಳಿಗೆ ಮನೆ ಕೆಡವಿದಾಗ ಸಿಗುವ ಸಾಗವಾನಿ ಜಂತಿ ಇದಕ್ಕೆ ಬಹಳ ಒಳ್ಳೆಯದು, ಹತ್ತಾರು ವರ್ಷ ಸೂರಿನ ಕೆಳಗೆ ಒಣಗಿರುತ್ತದೆ. ಆದರೂ ಅದನ್ನು ಕೊಯ್ದ ಕೂಡಲೇ ಅಳತೆಗೆ ತರಬೇಡಿ. ಎಲ್ಲ ಕಡೆ ಕಾಲು ಇಂಚು ಹೆಚ್ಚು ಬಿಟ್ಟು ಕೊಯ್ಯಿಸಿ, ಮಗ್ಗದ ಕೋಣೆಯಲ್ಲಿಯೇ ಒಂದು ತಿಂಗಳು ಗೋಡೆಗೆ ತಾಗದಂತೆ ಮಲಗಿಸಿಡಿ. ಕುಣಿಯ ಮಗ್ಗವಾಗಿದ್ದರೆ ಆ ಕೋಣೆಯ ತಂಪು ಬೇರೆ, ಬಡಿಗೇರರ ಅಂಗಳದ ಬಿಸಿಲು ಬೇರೆ. ಹಲಗೆ ಇವೆರಡರ ನಡುವೆ ಹೋದಾಗ ಅಲುಗುವುದು ಸಹಜ. ತಿಂಗಳ ಮೇಲೆ ನೋಡಿದಾಗ ಎಷ್ಟು ಬಾಗಿದೆಯೋ ಅಷ್ಟನ್ನು ರಂದಾದಿಂದ ತೆಗೆದು, ಮತ್ತೆ ಒಂದು ವಾರ ಬಿಟ್ಟು, ಕೊನೆಯ ಅಳತೆಗೆ ತನ್ನಿ.

ಪ್ರಶ್ನೆ: ನಮ್ಮ ತೋಟದ ನೀಲಗಿರಿ ದಿಮ್ಮಿ ಕೊಯ್ಯುವಾಗಲೇ ಸೀಳುತ್ತದೆ, ಹಲಗೆ ಗರಗಸದಿಂದ ಹೊರಬರುವಾಗಲೇ ಬಾಗಿರುತ್ತದೆ. ಹಸಿ ಮರ ಒಣಗುವ ಮೊದಲೇ ಹೇಗೆ ಬಾಗುತ್ತದೆ? (ಖಾನಾಪುರದಿಂದ)

ಉತ್ತರ: ಇದಕ್ಕೂ ತೇವಕ್ಕೂ ಸಂಬಂಧವಿಲ್ಲ. ಬೆಳೆಯುವ ಮರದ ಹೊರಭಾಗ ಉದ್ದಕ್ಕೆ ಎಳೆತದಲ್ಲಿಯೂ ಒಳಭಾಗ ಒತ್ತಡದಲ್ಲಿಯೂ ಇರುತ್ತದೆ. ಈ ಗುಣ ನೀಲಗಿರಿಯಲ್ಲಿ ಬಹಳ ಹೆಚ್ಚು. ದಿಮ್ಮಿ ಸೀಳಿದಾಗ ತೊಗಟೆಯ ಕಡೆ ಕುಗ್ಗಿ, ತಿರುಳಿನ ಕಡೆ ಚಾಚಿ, ಹೋಳುಗಳು ಒಂದಕ್ಕೊಂದು ಬೆನ್ನು ಕೊಟ್ಟಂತೆ ಹೊರಕ್ಕೆ ಬಾಗುತ್ತವೆ. ದಿಮ್ಮಿಯ ಒಂದೇ ಬದಿಯಿಂದ ಹಲಗೆ ತೆಗೆಯುತ್ತ ಹೋಗಬೇಡಿ. ಎದುರುಬದುರು ಬದಿಗಳಿಂದ ಸರದಿಯಂತೆ ಕೊಯ್ಯಿಸಿ. ಉದ್ದ ಕಡಿಮೆಯಾದಷ್ಟೂ ಬಾಗು ಕಡಿಮೆ, ಆದ್ದರಿಂದ ಬೇಕಾದ ಅಳತೆಗೆ ಸ್ವಲ್ಪ ಹೆಚ್ಚು ಬಿಟ್ಟು ಮೊದಲೇ ತುಂಡು ಮಾಡಿಕೊಳ್ಳಿ. ಎಳೆಯ ನೀಲಗಿರಿಯಿಂದ ಬಾಗಿಲ ಹಲಗೆ ನಿರೀಕ್ಷಿಸಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಗುಜ್ಜು, ಬೇಲಿಕಂಬಗಳಿಗೆ ಅದು ಚೆನ್ನಾಗಿ ಒದಗುತ್ತದೆ.

ಪ್ರಶ್ನೆ: ಚಪಾತಿ ಲಟ್ಟಿಸುವ ಮಣೆ ವರ್ಷದೊಳಗೆ ತಗ್ಗಾಗಿ, ಇಟ್ಟಲ್ಲಿ ತೂಗುತ್ತದೆ. ಮೂರನೆಯ ಮಣೆಯೂ ಹೀಗೇ ಆಯಿತು. ನಾನೇನು ತಪ್ಪು ಮಾಡುತ್ತಿದ್ದೇನೆ? (ಬೆಳಗಾವಿ ನಗರದಿಂದ ಒಬ್ಬ ಗೃಹಿಣಿ)

ಉತ್ತರ: ತಾಯಿ, ನೀವು ಮಣೆಯ ಮೇಲ್ಮುಖವನ್ನಷ್ಟೇ ತೊಳೆದು, ಹಾಗೆಯೇ ಕಟ್ಟೆಯ ಮೇಲೆ ಮಲಗಿಸಿಡುತ್ತಿರಬಹುದು. ನೀರು ಕುಡಿದ ಮುಖ ಹಿಗ್ಗಲು ಹೋಗುತ್ತದೆ, ಕೆಳಗಿನ ಒಣ ಭಾಗ ಬಿಡದೆ ಹಿಡಿಯುತ್ತದೆ. ಆ ಒತ್ತಿಗೆ ಮೇಲಿನ ಎಳೆಗಳು ನಲುಗಿ, ಒಣಗಿದಾಗ ಮೊದಲಿಗಿಂತ ಚಿಕ್ಕವಾಗುತ್ತವೆ. ದಿನದಿನವೂ ಹೀಗಾದರೆ ತೊಳೆದ ಮುಖವೇ ತಗ್ಗಾಗುತ್ತದೆ. ಈಗಿನ ಮಣೆಗೆ ಕಾಲಿಲ್ಲದಿದ್ದರೆ ಕೆಲವು ವಾರ ಇನ್ನೊಂದು ಮುಖವನ್ನು ಬಳಸಿ ನೋಡಿ, ಬಾಗು ತಿರುಗಿ ಬರುವುದುಂಟು. ಹೊಸದನ್ನು ತಂದರೆ ಬಳಸುವ ಮೊದಲು ಎರಡೂ ಮುಖಕ್ಕೆ, ಅಂಚಿಗೆ, ಮುಖ್ಯವಾಗಿ ತುದಿಗಳಿಗೆ ಗಾಣದ ಹಸಿ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ, ಒರೆಸಿ, ವಾರ ಒಣಗಿಸಿ, ಹೀಗೆ ಮೂರು ಸಲ ಮಾಡಿ. ಚಟ್ನಿಪುಡಿಗೆ ಬಳಸುವ ಅಗಸೆಯ ಎಣ್ಣೆಯೇ ಆದ್ದರಿಂದ ಹಿಟ್ಟಿಗೆ ತಾಗಿದರೆ ಹೆದರಬೇಕಿಲ್ಲ. ಆದರೆ ಪೇಂಟಿನ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆಯಲ್ಲಿ ಬೇರೆ ವಸ್ತುಗಳು ಸೇರಿರುತ್ತವೆ, ಅದು ಬೇಡ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ಹರವಿ ಒಣಗಿಸಿ ಬಿಸಾಡಿ. ದಿನವೂ ತೊಳೆದಾಗ ಎರಡೂ ಮುಖವನ್ನು ತೊಳೆದು, ಬಟ್ಟೆಯಿಂದ ಒರೆಸಿ, ಮಣೆಯನ್ನು ಅಂಚಿನ ಮೇಲೆ ನಿಲ್ಲಿಸಿಡಿ.